ಗಾಜಿನ ಪೆಟ್ಟಿಗೆಯೊಳಗೆ ಸೆಳವು



ಭೀಮಾ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಸೆಳವು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕಿನ ಎಷ್ಟೋ ಹಳ್ಳಿಗಳ ಜನ ದನಕರು ಹೊಡಕೊಂಡು ಎತ್ತರದ ಜಾಗ ಸೇರಬೇಕಾಯಿತು. ಅದೇ ಹೊಳೆ ಬಿರುಬೇಸಗೆಯಲ್ಲಿ ಹರಿವು ನಿಂತು, ಮಡುಮಡುಗಳಾಗಿ ತುಂಡಾಗಿ ಬಿದ್ದಿರುತ್ತದೆ. ಆಗ ಬೆಳಗಿನ ಜಾವ ಮಡುವಿನ ದಂಡೆಗೆ ಹೋಗಿ ನೋಡಿದರೆ ಮೀನುಗಳು ಮೇಲೆ ಬಂದು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಒದ್ದಾಡುತ್ತಿರುತ್ತವೆ. ನೀರೇನೋ ಆಳುದ್ದ ಇದೆ. ಕಡಿಮೆ ಬಿದ್ದಿರುವುದು ಉಸಿರು. ಹಗಲೆಲ್ಲ ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯಾದರೆ ಅದೇ ಪಾಚಿ ಮೀನಿನ ಜತೆ ಸೇರಿ ಅದನ್ನು ಹೀರುತ್ತದೆ. ಹಾಗಾಗಿ ನಿಂತ ನೀರಿಗೆ ಬೆಳಗಿನ ಜಾವವೇ ಗಂಡಾಂತರದ ಹೊತ್ತು. ಹೊಲದ ಕೃಷಿಹೊಂಡದಲ್ಲಿ ಮೀನು ಸಾಕಿದ ರೈತರಿಗೆ ಇದು ಚೆನ್ನಾಗಿ ಗೊತ್ತು. ಮೀನು ಮೇಲೆ ಬಾಯಿ ಮಾಡಿದ ಕೂಡಲೇ ಅವರು ಮೋಟಾರು ಹಚ್ಚಿ, ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಸುರಿಯುತ್ತಾರೆ.

ಇವತ್ತು ನಾನು ಮಾತಾಡಲು ಹೊರಟಿರುವುದು ಇದೇ ಸೆಳವು ಮನೆಯೊಳಗಿನ ಫಿಶ್ ಟ್ಯಾಂಕಿನಲ್ಲಿ ಹೇಗಿರಬೇಕು ಅನ್ನುವುದರ ಬಗ್ಗೆ. ಅದರಲ್ಲೂ ಸಮುದ್ರದ ಉಪ್ಪುನೀರು ತುಂಬಿಸಿ, ಹವಳದ ದಿಬ್ಬದಂತೆ ಕಲ್ಲು ಜೋಡಿಸಿ, ಬಣ್ಣದ ಮೀನು ಬಿಡುವ ಟ್ಯಾಂಕು. ಆಳಂದ, ಅಫಜಲಪುರ, ಜೇವರ್ಗಿಯಿಂದ ಸಮುದ್ರ ನೋಡಬೇಕಾದರೆ ಒಂದು ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ನಮಗೇಕೆ ಈ ಉಸಾಬರಿ ಅಂತ ನೀವು ಕೇಳಬಹುದು. ಆದರೆ ದುಬೈಯಲ್ಲೋ ಅಮೆರಿಕದಲ್ಲೋ ಇರುವ ಅಕ್ಕನ ಮಗ ವಿಡಿಯೊ ಕಾಲಿನಲ್ಲಿ ತನ್ನ ಮನೆಯ ಹವಳದ ಟ್ಯಾಂಕು ತೋರಿಸುತ್ತಾನೆ. ಇಲ್ಲಿಯ ಹುಡುಗರು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಸಾಮಾನು ತರಿಸಿಕೊಂಡು ತಾವೂ ಒಂದು ಕೈ ನೋಡೋಣ ಅನ್ನುತ್ತಾರೆ. ಅವರು ಮೊದಲು ದುಡ್ಡು ಸುರಿಯುವುದು ದೀಪಕ್ಕೆ, ಆಮೇಲೆ ಮೀನಿಗೆ, ಆಮೇಲೆ ಹಿಂದೆ ಅಂಟಿಸುವ ನೀಲಿ ಪರದೆಗೆ. ನೀರು ಹೇಗೆ ಓಡಬೇಕು ಅನ್ನುವ ವಿಚಾರ ಕಟ್ಟಕಡೆಗೆ. ನನ್ನ ಲೆಕ್ಕದಲ್ಲಿ ಅದೇ ಮೊದಲು ಬರಬೇಕು.

ಹಾಗೆ ನೋಡಿದರೆ ಸಮುದ್ರ ನಮಗೆ ಅಷ್ಟೇನೂ ಪರಕೀಯವಲ್ಲ. ನಮ್ಮ ಪಡಸಾಲೆಗೆ, ಅಂಗಳಕ್ಕೆ ಹಾಸಿದ ಶಹಾಬಾದ ಕಲ್ಲು ಒಂದಾನೊಂದು ಕಾಲದ ಸಮುದ್ರದ ತಳ. ಭೂವಿಜ್ಞಾನಿಗಳು ಅದನ್ನು ಭೀಮಾ ಶಿಲಾಸಮೂಹದಲ್ಲಿ ಸೇರಿಸುತ್ತಾರೆ. ಹವಳ ಎಂಬ ಜೀವಿ ಭೂಮಿಯ ಮೇಲೆ ಹುಟ್ಟುವುದಕ್ಕೂ ಎಷ್ಟೋ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ನೀರು ಸದ್ದಿಲ್ಲದೆ ನಿಂತ ಕಡೆ ಹಿಟ್ಟಿನಂಥ ಸುಣ್ಣದ ಕೆಸರು ಪದರ ಪದರವಾಗಿ ತಳಕ್ಕೆ ಕೂತಿತು, ಕೂತದ್ದು ಕಲ್ಲಾಯಿತು. ಪದರಕ್ಕೆ ಸರಿಯಾಗಿ ಸೀಳಿದರೆ ಅಷ್ಟು ಚೊಕ್ಕಟವಾಗಿ ಹಲಗೆ ಏಳುವುದು ಅದಕ್ಕೇ. ಸೆಳವಿಲ್ಲದ ಕಡೆ ಕೆಸರು ಕೂರುತ್ತದೆ. ಮೂರು ಅಡಿ ಟ್ಯಾಂಕಿನ ಹಿಂದಿನ ಮೂಲೆಗೂ ಇದೇ ಕಾನೂನು. ಕಲ್ಲಾಗಲು ಅಲ್ಲಿ ಪುರುಸೊತ್ತಿಲ್ಲ, ಅಷ್ಟರಲ್ಲಿ ಕೊಳೆತು ನಾರುತ್ತದೆ.  

ಹವಳಕ್ಕೆ ಸೆಳವು ಏಕೆ ಬೇಕು ಅಂದರೆ, ಅದು ಕೂತಲ್ಲೇ ಬದುಕುವ ಪ್ರಾಣಿ. ನೋಡಲು ಕಲ್ಲು, ಗಿಡ. ಆದರೆ ಪಾಲಿಪ್ ಎಂಬ ಸಣ್ಣ ಸಣ್ಣ ಜೀವಿಗಳು ಸಾವಿರಗಟ್ಟಲೆ ಒಟ್ಟಾಗಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಮೀನಾದರೆ ಹಸಿವಾದಾಗ ಈಜಿಕೊಂಡು ಹೋಗಿ ತಿಂದೀತು, ನೀರು ಕೆಟ್ಟರೆ ಪಕ್ಕಕ್ಕೆ ಸರಿದೀತು. ಹವಳಕ್ಕೆ ಎರಡೂ ಆಗದು. ಅದರ ಊಟ ಹರಿದು ಬರಬೇಕು, ಅದರ ಹೊಲಸು ಹರಿದು ಹೋಗಬೇಕು. ಅದರ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುವುದು ಆ ಪಾಚಿಯೇ. ನಡುಹಗಲು ಆ ಪಾಚಿ ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕ ಉತ್ಪತ್ತಿ ಮಾಡುತ್ತದೆ, ಹೆಚ್ಚಾದ ಆಮ್ಲಜನಕ ಹವಳದ ಮೈಗೇ ವಿಷ. ಯಾವುದೇ ವಸ್ತುವಿನ ಮೈಗೆ ಅಂಟಿಕೊಂಡಂತೆ ಒಂದು ತೆಳು ನೀರಿನ ಪದರ ಅಲುಗಾಡದೆ ನಿಂತಿರುತ್ತದೆ. ಸೆಳವು ಜೋರಾದಷ್ಟೂ ಆ ಪದರ ತೆಳ್ಳಗಾಗುತ್ತದೆ, ಒಳಗಿನದು ಬೇಗ ಹೊರಗೆ, ಹೊರಗಿನದು ಬೇಗ ಒಳಗೆ. ಹವಳ ತನ್ನ ಮೈಮೇಲೆ ಬಿದ್ದ ದೂಳನ್ನು ಲೋಳೆಯಲ್ಲಿ ಸುತ್ತಿ ಹೊರದೂಡುತ್ತದೆ. ಆ ಲೋಳೆಯನ್ನು ಎತ್ತಿಕೊಂಡು ಹೋಗುವುದಕ್ಕೂ ಸೆಳವೇ ಬೇಕು.

1998ರಲ್ಲಿ ಸಮುದ್ರ ವಿಪರೀತ ಕಾದು ಲೋಕದ ತುಂಬ ಹವಳಗಳು ಬಣ್ಣ ಕಳೆದುಕೊಂಡು ಬೆಳ್ಳಗಾದವು. ನಮ್ಮ ಲಕ್ಷದ್ವೀಪವೂ ಆ ಪೆಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಆ ವರ್ಷದ ಅನುಭವದ ಬೆನ್ನು ಹತ್ತಿ ಜಪಾನಿನ ಒಕಿನಾವಾದಲ್ಲಿ ಪ್ರಯೋಗ ಮಾಡಿದವರು 2001ರಲ್ಲಿ ವರದಿ ಪ್ರಕಟಿಸಿದರು. ಒಂದೇ ಜಾತಿಯ ಹವಳವನ್ನು ಅಷ್ಟೇ ಬಿಸಿ ನೀರಿನಲ್ಲಿ ಇಟ್ಟರೂ, ನೀರು ಜೋರಾಗಿ ಹರಿಯುವ ಕಡೆ ಇದ್ದವು ಹೆಚ್ಚು ತಾಳಿಕೊಂಡವು, ಮಂದವಾಗಿ ಹರಿಯುವ ಕಡೆ ಇದ್ದವು ಹೆಚ್ಚು ಸತ್ತವು. ಬಿಸಿಲ ನಾಡಿನವರಾದ ನಾವು ನೆನಪಿಡಬೇಕಾದ ಮಾತು ಇದು.

ಇಷ್ಟು ಕೇಳಿ ಹವಳ ಕೊಳ್ಳಲು ಹೊರಟುಬಿಟ್ಟೀರಿ, ತಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಗಿದೆ. ದಿಬ್ಬ ಕಟ್ಟುವ ಕಲ್ಲುಹವಳಗಳು, ಕರಿಹವಳ, ಬೀಸಣಿಗೆಯಂಥ ಸೀ ಫ್ಯಾನ್, ಬೆಂಕಿಹವಳ ಎಲ್ಲವೂ ಆ ಪಟ್ಟಿಯಲ್ಲಿವೆ. ಹುಲಿಗೆ ಎಷ್ಟು ರಕ್ಷಣೆಯೋ ಇವಕ್ಕೂ ಅಷ್ಟೇ. ಮುರ್ಡೇಶ್ವರದ ಆಚೆಯ ನೇತ್ರಾಣಿ ನಡುಗಡ್ಡೆಗೆ ಹೋಗಿ ನೀರಿನಲ್ಲಿ ಮುಳುಗಿ ಕಣ್ತುಂಬ ನೋಡಿ ಬರಬಹುದು. ಒಂದು ಚೂರು ಮುರಿದು ತಂದರೂ ಅಪರಾಧ. ಅಂಗಡಿಯವನು ‘ಇದಕ್ಕೇನೂ ಆಗಲ್ಲ ಸಾರ್’ ಅಂದರೆ ನಂಬಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ. ‘ಲೈವ್ ರಾಕ್’ ಅಂತ ಮಾರುವ ಸಮುದ್ರದ ಕಲ್ಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಾಗಾದರೆ ನಮ್ಮ ಪಾಲಿಗೆ ಉಳಿದದ್ದೇನು? ಸುಟ್ಟ ಮಣ್ಣಿನ ಸೆರಾಮಿಕ್ ಕಲ್ಲು, ಮತ್ತು ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಸಮುದ್ರವನ್ನು ದೋಚದೆ ಸಾಕಬಹುದು. ಹವಳವಿಲ್ಲದ ದಿಬ್ಬ ಸಪ್ಪೆ ಅಂತ ಮೂಗು ಮುರಿಯುವವರಿದ್ದಾರೆ. ನನಗೇನೂ ಹಾಗನ್ನಿಸಿಲ್ಲ.

ಜೇವರ್ಗಿಯಲ್ಲಿ ನಮ್ಮ ಬೀಗರ ಮನೆಯ ಹುಡುಗ ಇಂಥದೇ ಟ್ಯಾಂಕು ಇಟ್ಟಿದ್ದಾನೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ ಸುಮಾರು 190 ಲೀಟರು, ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಹೋದ ಕೂಡಲೇ ನನ್ನನ್ನು ಅದರ ಮುಂದೆ ನಿಲ್ಲಿಸಿದ. “ಕಾಕಾ, ಪಂಪ್ ದೊಡ್ಡದೇ ಹಾಕೀನಿ. ಆದ್ರೂ ಹಿಂದಿನ ಮೂಲ್ಯಾಗ ಹೊಲಸು ಕೂಡ್ಲತ್ತದ.” ನೋಡಿದೆ. ಎಡಗಡೆ ಗಾಜಿಗೆ ನೀರು ತಳ್ಳುವ ಪಂಪು, ಅಂದರೆ ವೇವ್‌ಮೇಕರ್, ಒಂದೇ ಒಂದು. ಡಬ್ಬಿಯ ಮೇಲೆ ಗಂಟೆಗೆ 4000 ಲೀಟರು ಅಂತ ಬರೆದದ್ದು. ಅದರ ಎದುರಿನ ಮರಳು ಬುಡ ಕಾಣುವ ಹಾಗೆ ಬಗೆದು ಹೋಗಿತ್ತು. ಮೀನು ಎರಡೂ ಬಲಗಡೆ ಕಲ್ಲಿನ ಸಂದಿ ಬಿಟ್ಟು ಬರುತ್ತಿರಲಿಲ್ಲ. ಕಲ್ಲನ್ನು ಹಿಂದಿನ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿದ್ದ, ಅದರ ಹಿಂದೆ ಬೆರಳಗಲದ ಕಂದು ಕೆಸರು. “ನೀರು ಎಷ್ಟು ಓಡ್ಲತ್ತದ ಅಂತ ಕೇಳಬ್ಯಾಡಪಾ, ಎಲ್ಲೆಲ್ಲಿ ಓಡ್ಲತ್ತದ ನೋಡು” ಅಂದೆ.

ಅಲ್ಲೇ ಒಂದು ಪರೀಕ್ಷೆ ಮಾಡಿದೆವು. ಮೀನಿನ ಆಹಾರದ ಒಂದು ಚಿಟಿಕೆಯನ್ನು ನುಣ್ಣಗೆ ಪುಡಿ ಮಾಡಿ, ಅರ್ಧ ಲೋಟ ಟ್ಯಾಂಕಿನ ನೀರಿನಲ್ಲೇ ಕದಡಿ, ಸಿರಿಂಜಿನಲ್ಲಿ ಎಳೆದುಕೊಂಡು ಒಂದೊಂದು ಜಾಗದಲ್ಲಿ ಎರಡೆರಡು ಹನಿ ಬಿಟ್ಟೆವು. ಕೋಣೆಯ ದೀಪ ಆರಿಸಿ ಟ್ಯಾಂಕಿನ ದೀಪ ಮಾತ್ರ ಉಳಿಸಿದರೆ ಪುಡಿಯ ಓಟ ನಿಚ್ಚಳವಾಗಿ ಕಾಣುತ್ತದೆ. ಪಂಪಿನ ಎದುರು ಬಿಟ್ಟದ್ದು ಕಣ್ಣು ಮಿಟುಕಿಸುವುದರೊಳಗೆ ಆ ಕಡೆಯ ಗಾಜಿಗೆ ಬಡಿಯಿತು. ನಡುಮಧ್ಯೆ ಬಿಟ್ಟದ್ದು ನಿಧಾನವಾಗಿ ಸುತ್ತಿತು. ಕಲ್ಲಿನ ಹಿಂದೆ ಬಿಟ್ಟದ್ದು ಬಿಟ್ಟಲ್ಲೇ ತೂಗಿ, ನೋಡುನೋಡುತ್ತ ಕೆಳಗೆ ಇಳಿದು ಕೂತಿತು. ಹುಡುಗನಿಗೆ ಆಮೇಲೆ ನಾನೇನೂ ಹೇಳಬೇಕಾಗಲಿಲ್ಲ. ತಾನೇ ಕೈ ಹಾಕಿ ಕಲ್ಲುಗಳನ್ನು ಎಳೆದು, ಹಿಂದಿನ ಗಾಜಿನಿಂದ ನಾಲ್ಕು ಬೆರಳು ಮುಂದಕ್ಕೆ ತಂದು, ನಡುನಡುವೆ ಕಿಂಡಿ ಬಿಟ್ಟು ಮತ್ತೆ ಜೋಡಿಸಿದ. ಪಂಪು ಬದಲಿಸುವುದಕ್ಕಿಂತ ಮೊದಲು ಕಲ್ಲು ಬದಲಿಸಬೇಕು. ಅದಕ್ಕೆ ಖರ್ಚೂ ಇಲ್ಲ.

ಇನ್ನು ಲೆಕ್ಕ. ಹವಳ ಸಾಕುವ ದೇಶಗಳಲ್ಲಿ ಹವ್ಯಾಸಿಗಳು ಇಟ್ಟುಕೊಂಡ ಅಂದಾಜು ಹೀಗಿದೆ: ಮೆತ್ತನೆಯ ಹವಳಗಳಿಗೆ ಗಂಟೆಗೆ ಟ್ಯಾಂಕಿನ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಹರಿವು, ಅಲೆ ಒಡೆಯುವ ಅಂಚಿನಲ್ಲಿ ಬೆಳೆಯುವ ಕವಲುಹವಳಗಳಿಗೆ ಮೂವತ್ತು, ನಲವತ್ತು, ಅದಕ್ಕೂ ಹೆಚ್ಚು. ಬರೀ ಕಲ್ಲು ಮತ್ತು ಕ್ಲೌನ್ ಮೀನಿಗೆ ಹತ್ತು ಹನ್ನೆರಡು ಪಟ್ಟು ಧಾರಾಳ. ಇವು ವೇದವಾಕ್ಯವಲ್ಲ. ಟ್ಯಾಂಕಿನ ಕೆಳಗಿನ ಫಿಲ್ಟರಿನಿಂದ ಮೇಲಕ್ಕೆ ನೀರೆತ್ತುವ ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನಂತೂ ಪೂರಾ ನಂಬಲೇಬೇಡಿ. ಬಾವಿಗೆ ಮೋಟಾರು ಕೂರಿಸಿದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ, ಹೆಡ್, ಅಂದರೆ ನೀರೆತ್ತುವ ಎತ್ತರ, ಹೆಚ್ಚಿದಷ್ಟೂ ನೀರು ಕಡಿಮೆ. ಟ್ಯಾಂಕಿನ ಒಳಗೇ ತಿರುಗುವ ವೇವ್‌ಮೇಕರಿಗೆ ಎತ್ತುವ ಕೆಲಸವಿಲ್ಲ, ಹಾಗಾಗಿ ಕಡಿಮೆ ಕರೆಂಟಿನಲ್ಲಿ ಹೆಚ್ಚು ನೀರು ತಳ್ಳುತ್ತದೆ. ಸೆಳವಿನ ಬಹುಪಾಲು ಕೆಲಸ ಅದಕ್ಕೇ ಬಿಡಬೇಕು.

4000 ಲೀಟರಿನ ಒಂದಕ್ಕಿಂತ 2000 ಲೀಟರಿನ ಎರಡು ಮೇಲು. ಎರಡನ್ನೂ ಆ ಗಾಜಿಗೊಂದು, ಈ ಗಾಜಿಗೊಂದು ಮುಖಾಮುಖಿಯಾಗಿ, ತುಸು ಓರೆಯಾಗಿ ಕೂರಿಸಿ. ಗಾಣಗಾಪುರದ ಸಂಗಮದಲ್ಲಿ ಅಮರ್ಜೆ ಬಂದು ಭೀಮೆಗೆ ಬೀಳುವ ಕಡೆ ಮಳೆಗಾಲದಲ್ಲಿ ನಿಂತು ನೋಡಿದ್ದರೆ ನಾನು ಹೇಳುವುದು ಅರ್ಥವಾಗುತ್ತದೆ: ಎರಡು ಹರಿವು ಡಿಕ್ಕಿ ಹೊಡೆದ ಜಾಗದಲ್ಲಿ ಸುಳಿ ಹುಟ್ಟುತ್ತದೆ, ಒಡೆಯುತ್ತದೆ, ಇನ್ನೊಂದು ಕಡೆ ಹುಟ್ಟುತ್ತದೆ, ಯಾವ ಹನಿ ಯಾವ ಕಡೆ ಹೋಗುತ್ತದೆ ಅಂತ ಹೇಳಲಾಗದು. ಟ್ಯಾಂಕಿನ ನಡುವೆ ಬೇಕಾದದ್ದು ಅಂಥ ಹರಿವು. ಒಂದೇ ದಿಕ್ಕಿನಿಂದ ಒಂದೇ ಸಮನೆ ಬಡಿಯುವ ಧಾರೆ ಹವಳದ ಮಾಂಸವನ್ನು ಎಲುಬಿನಿಂದ ಕಿತ್ತೇಬಿಡುತ್ತದೆ, ಮೀನನ್ನು ಸುಸ್ತು ಮಾಡುತ್ತದೆ. ಎರಡೂ ಪಂಪನ್ನು ಟೈಮರಿಗೆ ಹಚ್ಚಿ ಒಂದಾದ ಮೇಲೊಂದು ಓಡುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಸಮುದ್ರದ ನೀರು ಹೋಗಿ ಬರುತ್ತಿರುತ್ತದೆ. ಹೊಳೆಯಂತೆ ಒಂದೇ ಕಡೆ ಓಡುವುದಿಲ್ಲ.

ಟ್ಯಾಂಕಿನ ನೀರು ಹೀಗೆ ಆಡಿಸಲು ಜನ ಏನೇನು ಮಾಡಿದ್ದಾರೆ ಅಂತ ಕೇಳಿದರೆ ಬೆರಗಾಗುತ್ತದೆ. 1960ರ ದಶಕದ ಆರಂಭದಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬವರು ಸಮುದ್ರದ ಕಲ್ಲು, ಸಮುದ್ರದ ನೀರು, ಒಂದು ಗಾಳಿಗುಳ್ಳೆಯ ಕೊಳವೆ ಇಷ್ಟರಲ್ಲೇ ಮನೆಯಲ್ಲಿ ಹವಳ ಬದುಕಿಸಿ ತೋರಿಸಿದರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಎಂಬ ವಿಜ್ಞಾನಿ ತುಂಬಿದೊಡನೆ ತಾನಾಗಿ ಮಗುಚಿಕೊಳ್ಳುವ ಬಕೆಟ್ಟಿನಿಂದ ಅಲೆ ಎಬ್ಬಿಸಿದರು. ಹವಾಯಿಯ ವೈಕಿಕಿ ಅಕ್ವೇರಿಯಮ್ಮಿನ ಬ್ರೂಸ್ ಕಾರ್ಲ್‌ಸನ್ ಹೆಸರಿನ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಟ್ಯಾಂಕಿನ ಮೇಲೆ ಒಂದು ಡಬ್ಬ. ಸಣ್ಣ ಪಂಪು ಅದಕ್ಕೆ ನಿಧಾನ ನೀರು ತುಂಬುತ್ತಿರುತ್ತದೆ. ಡಬ್ಬದೊಳಗೆ ಬಗ್ಗಿಸಿದ ದಪ್ಪ ಪೈಪು. ನೀರು ಪೈಪಿನ ಬಾಗು ದಾಟಿದೊಡನೆ, ಕ್ಯಾನಿನಿಂದ ಡೀಸೆಲ್ ಎಳೆಯುವಾಗ ಆಗುವಂತೆ, ಎಳೆತ ಶುರುವಾಗಿ ಡಬ್ಬದ ನೀರೆಲ್ಲ ಒಂದೇ ಸಲ ಟ್ಯಾಂಕಿಗೆ ನುಗ್ಗುತ್ತದೆ. ಗಾಳಿ ಹೊಕ್ಕು ಎಳೆತ ಕಡಿಯುತ್ತದೆ, ಮತ್ತೆ ತುಂಬುತ್ತದೆ. ದುಬಾರಿ ಯಂತ್ರವಿಲ್ಲ, ಟೈಮರಿಲ್ಲ. ನಮ್ಮ ಊರಿನ ಯಾವ ಪ್ಲಂಬರನೂ ಪಿವಿಸಿ ಪೈಪಿನಲ್ಲಿ ಮಾಡಿಕೊಟ್ಟಾನು. ಸದ್ದು ಮಾತ್ರ ಜಾಸ್ತಿ, ಮಲಗುವ ಕೋಣೆಯಲ್ಲಿ ಬೇಡ.

ಪಂಪು ಎಲ್ಲಿಡಬೇಕು ಅನ್ನುವಾಗ ಒಂದನ್ನಾದರೂ ಮೇಲ್ಮೈ ಹತ್ತಿರ ಇಟ್ಟು, ನೀರಿನ ಮೇಲ್ಭಾಗ ಸದಾ ನಡುಗುತ್ತಿರುವ ಹಾಗೆ ಮೂತಿ ತಿರುಗಿಸಿ. ಗಾಳಿಯ ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಲ್ಲಿ. ಗುಳ್ಳೆ ಬಿಡುವ ಏರ್ ಪಂಪ್ ಕೂಡ ಬಹುಮಟ್ಟಿಗೆ ಮಾಡುವುದು ಕೆಳಗಿನ ನೀರನ್ನು ಮೇಲೆ ತಂದು ಮೇಲ್ಮೈ ಒಡೆಯುವ ಕೆಲಸವನ್ನೇ. ಸಿಹಿನೀರು 20 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಸಮುದ್ರದ ನೀರಾದರೆ 30 ಡಿಗ್ರಿಗೆ ಆರರ ಆಸುಪಾಸು. ಅಂದರೆ ಉಪ್ಪುನೀರಿನ ಮೀನು ಬೇಸಗೆಗೆ ಕಾಲಿಡುವುದೇ ಮೂರರಲ್ಲೊಂದು ಪಾಲು ಖಾಲಿ ಕೈಯಲ್ಲಿ. ಹವಳದ ದಿಬ್ಬದ ಮೀನಿಗೆ 24ರಿಂದ 27 ಡಿಗ್ರಿ ಹಿತ. ನಮ್ಮಲ್ಲಿ ಮೇ ತಿಂಗಳಿನಲ್ಲಿ ಹೊರಗಡೆ 42, 43 ಆಗುವುದು ಹೊಸದಲ್ಲ. ಪಂಪುಗಳೂ ತಮ್ಮ ಪಾಲಿನ ಬಿಸಿಯನ್ನು ನೀರಿಗೇ ಬಿಡುತ್ತವೆ, ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಪಂಪು ಹಾಕುವುದು ನಮ್ಮ ಹವೆಗೆ ಹೇಳಿದ್ದಲ್ಲ. ಮುಚ್ಚಳ ತೆಗೆದು ಮೇಲ್ಮೈ ಮೇಲೆ ಸಣ್ಣ ಫ್ಯಾನು ಬೀಸಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದ್ದು ಆರ್‌ಓ ಸಿಹಿನೀರು, ಉಪ್ಪು ಬೆರೆಸಿದ್ದಲ್ಲ. ಇದನ್ನು ಮರೆತರೆ ಒಂದು ವಾರದಲ್ಲಿ ಟ್ಯಾಂಕಿನ ನೀರು ಸಮುದ್ರಕ್ಕಿಂತ ಉಪ್ಪಾಗುತ್ತದೆ.

ಸಿಹಿನೀರಿನ ಟ್ಯಾಂಕಿನವರಿಗೆ ಒಂದು ಮಾತು. ಎಲ್ಲ ಮೀನಿಗೂ ಸೆಳವು ಹಿಡಿಸದು. ಬೆಟ್ಟಾ, ಗೌರಾಮಿಯಂಥವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಅವು ನಿಂತ ನೀರಿನವು, ಜೋರು ಹರಿವಿನಲ್ಲಿ ರೆಕ್ಕೆ ಹರಿದುಕೊಂಡು ಸೊರಗುತ್ತವೆ. ನಮ್ಮ ದೇಶದ ಹಳ್ಳತೊರೆಗಳದ್ದೇ ಆದ ಜೀಬ್ರಾ ಡೇನಿಯೊ ಮಾತ್ರ ಪಂಪಿನ ಎದುರೇ ಗುಂಪುಗಟ್ಟಿ ಈಜುತ್ತದೆ. ಉಪ್ಪುನೀರಿನ ಗೊಡವೆ ಬೇಡ ಅನ್ನುವವರು ಉದ್ದನೆಯ ಟ್ಯಾಂಕು, ಹಳ್ಳದ ಗುಂಡುಕಲ್ಲು, ಒಂದು ವೇವ್‌ಮೇಕರ್, ಹತ್ತು ಹನ್ನೆರಡು ಡೇನಿಯೊ ಇಟ್ಟು ನೋಡಿ. ಖರ್ಚು ಕಡಿಮೆ, ಕಾನೂನಿನ ತಕರಾರಿಲ್ಲ, ಸೆಳವಿನ ಪಾಠವೆಲ್ಲ ಅದರಲ್ಲೇ ಸಿಗುತ್ತದೆ.

ಉಪ್ಪುನೀರಿನಲ್ಲಿ ತಿರುಗುವ ಪಂಪಿನ ಚಕ್ರಕ್ಕೆ ಸುಣ್ಣ ಕಟ್ಟುತ್ತದೆ, ಹರಿವು ನಿಮಗೆ ಗೊತ್ತಾಗದ ಹಾಗೆ ದಿನೇದಿನೇ ಇಳಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಕೈ ಹಾಕುವ ಮುನ್ನ ಪ್ಲಗ್ ಕಿತ್ತಿರಬೇಕು. ವಾಯರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಬೇಕು. ಆಗ ವಾಯರಿನ ಗುಂಟ ಇಳಿದ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಆ ಸಾಲಿಗೆ ಕರೆಂಟು ಸೋರಿದೊಡನೆ ಕಡಿಯುವ ಇಎಲ್‌ಸಿಬಿ ಹಾಕಿಸಿದರೆ ಮನೆಯ ಮಕ್ಕಳ ಚಿಂತೆ ತಪ್ಪುತ್ತದೆ.

ಕೊನೆಗೆ ನಮ್ಮ ಕಡೆಯ ನಿಜವಾದ ಪರೀಕ್ಷೆ, ಅಂದರೆ ಕರೆಂಟು ಹೋಗುವುದು. ಟ್ಯಾಂಕಿನ ಕೆಳಗೆ ಫಿಲ್ಟರ್ ತೊಟ್ಟಿ ಇಟ್ಟವರು ಗಮನಿಸಿ: ನೀರು ಮೇಲೆ ತರುವ ಪೈಪಿನ ಬಾಯಿ ಮುಳುಗಿದ್ದರೆ, ಪಂಪು ನಿಂತ ಕ್ಷಣ ಅದೇ ಪೈಪು ಉಲ್ಟಾ ಎಳೆಯತೊಡಗಿ ಕೆಳಗಿನ ತೊಟ್ಟಿ ತುಂಬಿ ಹಾಲಿನ ತುಂಬ ಉಪ್ಪುನೀರು. ನೀರಿನ ಮಟ್ಟದ ಕೆಳಗೇ, ಸ್ವಲ್ಪದರಲ್ಲಿ, ಪೈಪಿಗೆ ಒಂದು ಸಣ್ಣ ತೂತು ಕೊರೆದಿರಿ. ನೀರು ಅಲ್ಲಿಗೆ ಇಳಿದೊಡನೆ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟದ ಹಾಗೆ ಆಗಾಗ ಕಡ್ಡಿ ಆಡಿಸಿ. ಇನ್ವರ್ಟರು ಇರುವ ಮನೆಯಲ್ಲಿ ದೀಪ, ಫಿಲ್ಟರು ಎಲ್ಲ ಬಿಟ್ಟು ಒಂದೇ ಒಂದು ವೇವ್‌ಮೇಕರನ್ನು ಆ ಲೈನಿಗೆ ಕೊಡಿ. ಅದಕ್ಕೆ ಬೇಕಾಗುವುದು ಕೆಲವೇ ವಾಟ್. ಇನ್ವರ್ಟರು ಇಲ್ಲದವರಿಗೆ ಬ್ಯಾಟರಿಯ ಏರ್ ಪಂಪು ಸಿಗುತ್ತದೆ. ಕರೆಂಟು ಹೋದಾಗ ಮೀನಿಗೆ ಊಟ ಹಾಕಬೇಡಿ, ತಿಂದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ಏನೂ ಇಲ್ಲದಿದ್ದರೆ ಒಂದು ಚೊಂಬು ತಗೊಂಡು ಟ್ಯಾಂಕಿನ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿಯಿರಿ, ನಡುವೆ ಸ್ವಲ್ಪ ಬಿಟ್ಟು ಮತ್ತೆ ಸುರಿಯಿರಿ.

ಟ್ಯಾಂಕು ಈಗಾಗಲೇ ಇದ್ದವರು ಇವತ್ತು ರಾತ್ರಿಯೇ ಆ ಪುಡಿಯ ಪರೀಕ್ಷೆ ಮಾಡಿ ನೋಡಿ. ಹೊಸದಾಗಿ ಇಡುವವರು ಹವಳ ಕೊಳ್ಳಬೇಡಿ, ದೀಪಕ್ಕೆ ಇಟ್ಟ ದುಡ್ಡಿನಲ್ಲಿ ಅರ್ಧ ಪಂಪಿಗೆ ಎತ್ತಿಡಿ. ಬ್ಯಾಟರಿಯ ಏರ್ ಪಂಪನ್ನು ಬಿಸಿಲು ಏರುವುದಕ್ಕೆ ಮೊದಲೇ, ಶಿವರಾತ್ರಿಯೊಳಗೆ ತಂದಿಟ್ಟುಕೊಳ್ಳಿ.